ಅರವತ್ತು ದಾಟಿದ ಓಟಗಾರನಿಗೆ ಅರ್ಧಬಲವೇ ಮಿತಿ

ಧಾರವಾಡದ ಸುತ್ತಮುತ್ತ ಚಳಿಗಾಲದಲ್ಲಿ ನಡೆಯುವ ಸರಣಿ ಓಟವೊಂದರಲ್ಲಿ ನಾನು ಮೂರು ವರ್ಷಗಳಿಂದ ಪಾಲ್ಗೊಳ್ಳುತ್ತಿದ್ದೇನೆ. ನವೆಂಬರಿನಿಂದ ಫೆಬ್ರುವರಿಯವರೆಗೆ ತಿಂಗಳಿಗೊಂದರಂತೆ ನಾಲ್ಕು ಓಟಗಳು, ಪ್ರತಿಯೊಂದೂ 5 ಕಿಲೋಮೀಟರ್. ಪ್ರತಿ ಓಟದಲ್ಲಿ ಪಡೆದ ಸ್ಥಾನಕ್ಕೆ ಅಂಕಗಳುಂಟು. ಕೊನೆಯಲ್ಲಿ ನಾಲ್ಕನ್ನೂ ಕೂಡಿಸಿ ಬಹುಮಾನ ನೀಡುತ್ತಾರೆ. ನನಗೀಗ 66 ವರ್ಷ. ಚಿಕಿತ್ಸಾಲಯಕ್ಕೆ ಬರುವ ನನ್ನ ಸಮವಯಸ್ಕರಲ್ಲಿ ಕೆಲವರು, “ಈ ವಯಸ್ಸಿನ್ಯಾಗ ಓಡೂದು ಯಾಕ್ರಿ ಡಾಕ್ಟ್ರೇ?” ಎನ್ನುತ್ತಾರೆ. ಇನ್ನು ಕೆಲವರು, “ನೀವೇ ಓಡ್ತೀರಿ ಅಂದ್ರ ನಾವೂ ಓಡಬಹುದಲ್ರಿ” ಎನ್ನುತ್ತಾರೆ. ಇಬ್ಬರಿಗೂ ಉತ್ತರ ಹೇಳುವ ಹೊಣೆ ನನ್ನದೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲನೆಯವರ ಪರವಾಗಿ ಶಾಸ್ತ್ರವೇ ನಿಂತಂತೆ ತೋರುತ್ತದೆ. ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ವಾಗ್ಭಟರು ವ್ಯಾಯಾಮದ ಗುಣಗಳನ್ನು ಹೇಳಿದ ಬೆನ್ನಲ್ಲಿಯೇ, ವಾತಪಿತ್ತ ರೋಗಿಗಳು, ಬಾಲಕರು, ವೃದ್ಧರು ಹಾಗೂ ಅಜೀರ್ಣದಿಂದ ಬಳಲುವವರು ಅದನ್ನು ಬಿಡಬೇಕೆಂದು ವಿಧಿಸುತ್ತಾರೆ. ಆದರೆ ವೃದ್ಧನಾರು? ಅದೇ ಗ್ರಂಥದ ಶಾರೀರಸ್ಥಾನವು 16ರಿಂದ 70ರವರೆಗಿನದನ್ನು ಮಧ್ಯವಯಸ್ಸೆಂದು, ಅದರ ನಂತರದ್ದನ್ನು ಕ್ಷಯದ ಕಾಲವೆಂದು ಎಣಿಸುತ್ತದೆ. ಸುಶ್ರುತರ ಎಣಿಕೆಯೂ 70ರದ್ದೇ. ಚರಕಸಂಹಿತೆಯಾದರೋ 60ಕ್ಕೇ ಗೆರೆ ಎಳೆಯುತ್ತದೆ. ಆದ್ದರಿಂದ 60ರಿಂದ 70ರವರೆಗಿನ ದಶಕವನ್ನು ನಾನು ಸಂಧಿಕಾಲವೆಂದು ತಿಳಿಯುತ್ತೇನೆ. ಅಲ್ಲಿ ಪೂರ್ಣ ನಿಷೇಧವೂ ಇಲ್ಲ, ಪೂರ್ಣ ಸ್ವಾತಂತ್ರ್ಯವೂ ಇಲ್ಲ.

ಋತುವಿನ ವಿಷಯದಲ್ಲಿ ಶಾಸ್ತ್ರ ನಮಗೆ ಅನುಕೂಲವಾಗಿದೆ. ಮಾರ್ಗಶಿರ-ಪುಷ್ಯಗಳ ಹೇಮಂತದಲ್ಲಿ ಮತ್ತು ಮಾಘ-ಫಾಲ್ಗುಣಗಳ ಶಿಶಿರದಲ್ಲಿ ಜಠರಾಗ್ನಿ ಪ್ರಬಲವಾಗಿರುತ್ತದೆ, ದೇಹಬಲ ಹೆಚ್ಚಿರುತ್ತದೆ. ಬಲವುಳ್ಳವರು, ಸ್ನಿಗ್ಧ ಆಹಾರ ಸೇವಿಸುವವರು ಶೀತಕಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು. ಉಳಿದ ಕಾಲದಲ್ಲಿ ಇನ್ನೂ ಮಂದವಾಗಿ ಮಾಡಬೇಕು. ಗಮನಿಸಿರಿ: ಬಲವಂತನಿಗೆ, ಅದೂ ಉತ್ತಮ ಋತುವಿನಲ್ಲಿಯೇ, ಅರ್ಧಬಲದ ಮಿತಿ! ಅತಿಯಾಗಿ ವ್ಯಾಯಾಮ ಮಾಡುವವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶ ಹೊಂದುತ್ತಾನೆಂದು ವಾಗ್ಭಟರು ಎಚ್ಚರಿಸುತ್ತಾರೆ. ಸಿಂಹಕ್ಕೆ ಬಲ ಕಡಿಮೆಯಿರಲಿಲ್ಲ, ಅಳತೆ ತಪ್ಪಿತ್ತು.

ಈ ಅಳತೆಯನ್ನು ನಾನೂ ತಪ್ಪಿದವನೇ. ಎರಡು ವರ್ಷಗಳ ಹಿಂದೆ ಡಿಸೆಂಬರಿನ ಓಟದಲ್ಲಿ ನನ್ನ ಜೊತೆಗೆ ಒಬ್ಬ ನಿವೃತ್ತ ಬಸ್ ನಿರ್ವಾಹಕರು ಓಡುತ್ತಿದ್ದರು. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮೂರನೆಯ ಕಿಲೋಮೀಟರಿನ ಏರಿನಲ್ಲಿ ಅವರು ನಿಂತು ಎಡಭುಜವನ್ನು ಒತ್ತಿಕೊಂಡರು. “ನೀವು ನಡೀರಿ ಡಾಕ್ಟ್ರೇ, ನಾ ಬರ್ತೀನಿ” ಎಂದರು. ನಲವತ್ತು ವರ್ಷ ನಾಡಿ ಹಿಡಿದ ನಾನು ಆ ಕೈಯ ಅರ್ಥವನ್ನು ತಿಳಿಯಬೇಕಿತ್ತು. ಆದರೆ ನಮ್ಮ ವಯೋವರ್ಗದಲ್ಲಿ ಮೂರನೆಯ ಸ್ಥಾನ ನನ್ನ ಕಣ್ಣಮುಂದಿತ್ತು. ಕೈಗಡಿಯಾರ ನೋಡಿಕೊಂಡು ಮುಂದೆ ಓಡಿದೆ. ಸ್ಥಾನ ದೊರೆಯಿತು. ಅವರನ್ನು ಸ್ವಯಂಸೇವಕರು ಆಸ್ಪತ್ರೆಗೆ ಸಾಗಿಸಿದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಅಳವಡಿಸಿ ಜೀವ ಉಳಿಸಿದರು. ಆ ಪದಕವನ್ನು ನಾನು ಇಂದಿಗೂ ಗೋಡೆಗೆ ತೂಗುಹಾಕಿಲ್ಲ.

ಅಂದಿನಿಂದ ನನ್ನ ಅಭಿಪ್ರಾಯ ಖಚಿತವಾಗಿದೆ. ಹಿರಿಯರು ಸರಣಿ ಓಟದಲ್ಲಿ ಪಾಲ್ಗೊಳ್ಳಬೇಕು, ಆದರೆ ಅಂಕಗಳಿಗಾಗಿ ಓಡಬಾರದು. ಸರಣಿಯ ನಿಜವಾದ ಲಾಭ ಅದರ ನಿಯಮಿತತೆಯಲ್ಲಿದೆ. ಮುಂದಿನ ತಿಂಗಳ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿದವನು ಇಂದು ಬೆಳಿಗ್ಗೆ ಹಾಸಿಗೆ ಬಿಟ್ಟೇಳುತ್ತಾನೆ. ಬಳಸದ ಸ್ನಾಯು ವಯಸ್ಸಾದಂತೆ ಬೇಗನೆ ಕ್ಷೀಣಿಸುತ್ತದೆ. ಕ್ಷೀಣಿಸಿದ ಸ್ನಾಯು ಮುಪ್ಪಿನಲ್ಲಿ ಬೀಳುವಿಕೆಗೂ ಮೂಳೆಮುರಿತಕ್ಕೂ ದಾರಿಯಾಗುತ್ತದೆ. ಪಾಸ್‌ಪೋರ್ಟಿನ ಪ್ರಕಾರ 1911ರಲ್ಲಿ ಜನಿಸಿದ ಫೌಜಾ ಸಿಂಗ್ ಅವರು 2011ರಲ್ಲಿ ಟೊರಾಂಟೊದಲ್ಲಿ ಪೂರ್ಣ ಮ್ಯಾರಥಾನ್ ಮುಗಿಸಿದರು. ತೆಗೆದುಕೊಂಡ ಸಮಯ ಎಂಟು ಗಂಟೆಗೂ ಹೆಚ್ಚು. ಅವರಿಂದ ನಾವು ಕಲಿಯಬೇಕಾದುದು ದೂರವನ್ನಲ್ಲ, ಆ ನಿಧಾನವನ್ನು.

ಅರ್ಧಬಲವನ್ನು ಅರಿಯುವುದು ಹೇಗೆ? ಹೃದಯಸ್ಥಾನದ ವಾಯು ಬಾಯಿಗೆ ಬರುವುದೇ, ಅಂದರೆ ಬಾಯಿಂದ ಉಸಿರಾಡಬೇಕಾಗುವುದೇ, ಅದರ ಲಕ್ಷಣವೆಂದು ಸುಶ್ರುತರು ಹೇಳಿದ್ದಾರೆ. ಓಡುತ್ತ ಪಕ್ಕದವರೊಡನೆ ಪೂರ್ಣ ವಾಕ್ಯ ಮಾತನಾಡಲು ಆಗದಿದ್ದರೆ ಮಿತಿ ಮೀರಿದೆಯೆಂದೇ ಇಂದಿನ ವೈದ್ಯರೂ ಹೇಳುತ್ತಾರೆ. ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಯ ವೇಗವನ್ನು ತಗ್ಗಿಸುವುದರಿಂದ, ಅವನ್ನು ಸೇವಿಸುವವರು ಕೈಗಡಿಯಾರದ ಅಂಕಿಯನ್ನು ನಂಬದೆ ಈ ಮಾತಿನ ಪರೀಕ್ಷೆಯನ್ನೇ ನಂಬುವುದು ಲೇಸು.

ಚಳಿ ಬಲವನ್ನು ಕೊಡುತ್ತದೆ, ಜೊತೆಗೆ ಅಪಾಯವನ್ನೂ ತರುತ್ತದೆ. ಶೀತದಿಂದ ರಕ್ತನಾಳಗಳು ಸಂಕುಚಿತವಾಗಿ ರಕ್ತದೊತ್ತಡ ಏರುತ್ತದೆ. ಆದ್ದರಿಂದ ಸರಣಿಗೆ ಹೆಸರು ಕೊಡುವ ಮುನ್ನ ಹೃದಯದ ತಪಾಸಣೆ ಮಾಡಿಸಿರಿ. ಹಿಂದಿನ ದಿನ ಎಳ್ಳೆಣ್ಣೆಯ ಅಭ್ಯಂಗ ಮಾಡಿಕೊಳ್ಳಿರಿ. ಓಟಕ್ಕೆ ಮುಂಚೆ ಕಾಲು ಗಂಟೆ ನಡೆದು ಮೈ ಬೆಚ್ಚಗಾಗಿಸಿಕೊಳ್ಳಿರಿ. ಮಧುಮೇಹಿಗಳು ಔಷಧಿ ತೆಗೆದುಕೊಂಡು ಬರಿಹೊಟ್ಟೆಯಲ್ಲಿ ಓಡಲೇಬಾರದು. ಹೇಮಂತದ ಪ್ರಬಲ ಅಗ್ನಿಗೆ ಆಹಾರ ದೊರೆಯದಿದ್ದರೆ ಅದು ಧಾತುಗಳನ್ನೇ ಸುಡುತ್ತದೆ. ನಮ್ಮ ಹಿರಿಯರು ಈ ದಿನಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಣ್ಣೆ, ಗುರೆಳ್ಳು ಚಟ್ನಿ ಉಣ್ಣುತ್ತಿದ್ದುದು ರುಚಿಗಾಗಿ ಮಾತ್ರವಲ್ಲ. ಎದೆ, ಭುಜ, ದವಡೆಗಳಲ್ಲಿ ಬಿಗಿತ ಕಂಡರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿರಿ, ನಿಂತದ್ದನ್ನು ಪಕ್ಕದವರಿಗೆ ಹೇಳಿರಿ, ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಸಂಘಟಕರಲ್ಲಿಯೂ ಒಂದು ವಿನಂತಿ. ಅಂತರರಾಷ್ಟ್ರೀಯ ಹಿರಿಯರ ಕ್ರೀಡಾಕೂಟಗಳಲ್ಲಿ 35ರಿಂದ ಮೊದಲುಗೊಂಡು ಐದೈದು ವರ್ಷಗಳಿಗೊಂದು ವರ್ಗವಿರುತ್ತದೆ. ನಮ್ಮಲ್ಲಿ 60 ದಾಟಿದವರೆಲ್ಲ ಒಂದೇ ಗುಂಪು. 61ರವನ ಹಿಂದೆ 74ರವರು ಏದುಸಿರು ಬಿಡುತ್ತಾರೆ. ವರ್ಗಗಳನ್ನು ವಿಂಗಡಿಸಲಿ, ಹಿರಿಯರ ಓಟವನ್ನು ಬಿಸಿಲೇರಿದ ಮೇಲೆ ಆರಂಭಿಸಲಿ, ಆಂಬುಲೆನ್ಸ್ ಇಲ್ಲದೆ ಓಟವೇ ನಡೆಯದಿರಲಿ.

ಕಳೆದ ಫೆಬ್ರುವರಿಯ ಓಟಕ್ಕೆ ನನ್ನ ಸ್ನೇಹಿತರು ತಮ್ಮ ಹೃದ್ರೋಗ ತಜ್ಞರ ಒಪ್ಪಿಗೆ ಪಡೆದು ಬಂದಿದ್ದರು, ಓಡಲಿಕ್ಕಲ್ಲ, ನಡೆಯಲಿಕ್ಕೆ. ನಾನೂ ಅವರೊಡನೆ ನಡೆದೆ. ದಾರಿಯುದ್ದಕ್ಕೂ ಮಾತನಾಡುತ್ತ ಹೋದೆವು. 5 ಕಿಲೋಮೀಟರಿಗೆ ಒಂದು ಗಂಟೆ ಎರಡು ನಿಮಿಷ ಹಿಡಿಯಿತು. ನಮ್ಮ ಹಿಂದೆ ಯಾರೂ ಇರಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಎಂದಿನಂತೆ ಎದ್ದು ಮತ್ತೆ ನಡೆಯಲು ಹೊರಟೆವು.