ದೀಪವಾರಿದ ಊರುಗಳು

ಅಮರಗೋಳಕ್ಕೆ ಹೋದ ವಿದ್ವಾಂಸರು ಚಾಲುಕ್ಯಶೈಲಿಯ ಬನಶಂಕರಿ ದೇವಾಲಯವನ್ನು ಕಂಡು, ಕಂಬಗಳ ಕೆಲಸವನ್ನು ಕೊಂಡಾಡಿ ಹಿಂದಿರುಗುವರು. ಕೊಂಡಾಡುವುದು ಯುಕ್ತವೇ. ಆದರೆ ಕಲ್ಲಿನಲ್ಲಿ ಉಳಿದುದಷ್ಟೇ ಇತಿಹಾಸ, ಮಣ್ಣಿನಲ್ಲಿ ಕರಗಿದುದು ಇತಿಹಾಸವಲ್ಲ ಎಂಬ ಭ್ರಾಂತಿಯು ಯುಕ್ತವಲ್ಲ. ಗುಡಿಗೆ ಸರಕಾರದ ರಕ್ಷಣೆಯುಂಟು. ಮೇಲ್ಮುದ್ದೆಯ ಮನೆಗಳೊಡನೆ ಅಳಿದುಹೋದ ಧಾರವಾಡ ಸೀಮೆಯ ಹಳ್ಳಿಗಳಿಗೆ ಯಾವ ರಕ್ಷಣೆಯುಂಟು?

ಕಂದಾಯದ ದಫ್ತರದಲ್ಲಿ ಇಂತಹ ಊರಿಗೆ 'ಬೇಚಿರಾಗ' ಎಂದು ಹೆಸರು; ಜನರ ಬಾಯಲ್ಲಿ ಅದು ಬೇಚರಾಕ್. ಪಾರಸಿಯಲ್ಲಿ ಚಿರಾಗವೆಂದರೆ ದೀಪ, ದೀಪವಿಲ್ಲದುದು ಬೇಚಿರಾಗ. ದೀಪವು ಆರಿತೆಂದು ದಫ್ತರವು ಹೇಳುವುದು. ಏತಕ್ಕೆ ಆರಿತೆಂದು ಹೇಳದು. ಆ ಮಾತನ್ನು ಹೇಳಬೇಕಾದವರು ಇತಿಹಾಸಕಾರರು.

'ಊರು ಹಾಳಾಗುವುದು ಮಾರಿಯ ಮುನಿಸಿನಿಂದ, ವಿಧಿಲಿಖಿತಕ್ಕೆ ಚರಿತ್ರೆಯೇನು?' ಎಂದು ಕೆಲವರು ಕೇಳುವರು. ಈ ವೈರಾಗ್ಯವು ಆಲಸ್ಯದ ಇನ್ನೊಂದು ಹೆಸರು. 1876-78ರ ಕ್ಷಾಮದಲ್ಲಿ ಮಳೆ ಹೋದುದು ದೈವಿಕವೆನ್ನೋಣ. ಆದರೆ ದೇಶದ ಧಾನ್ಯವು ಹಡಗು ಹತ್ತಿ ವಿಲಾಯತಿಗೆ ಹೋದುದು ದೈವಿಕವೇ? 1877ರ ಜನವರಿ 1ರಂದು ದಿಲ್ಲಿಯಲ್ಲಿ ದರಬಾರು ನಡೆಯಿತು; ಅದೇ ತಿಂಗಳು ಪರಿಹಾರದ ಕಾಮಗಾರಿಯ ಕೂಲಿಯನ್ನು 1 ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಲಾಯಿತು. 1872ರಿಂದ 1881ಕ್ಕೆ ಧಾರವಾಡ ಜಿಲ್ಲೆಯ ಜನಸಂಖ್ಯೆಯು ಸುಮಾರು 1 ಲಕ್ಷದಷ್ಟು ಕುಗ್ಗಿತು. ಇದು ಮಾರಿಯ ಲೆಕ್ಕವಲ್ಲ, ಜನಗಣತಿಯ ಲೆಕ್ಕ.

ಎಲ್ಲ ಹಾಳೂರುಗಳಿಗೂ ಕ್ಷಾಮವೇ ಕಾರಣವೆಂದಲ್ಲ. 1898ರಲ್ಲಿ ಹುಬ್ಬಳ್ಳಿಯನ್ನು ಪೀಡಿಸಿದ ಪ್ಲೇಗಿನಂತಹ ರೋಗಗಳೂ, ನೀರಿನ ಅಭಾವವೂ, ಕಳ್ಳರ ಭಯವೂ ಕಾರಣಗಳೇ. ಅದರಿಂದಲೇ ಒಂದೊಂದು ಊರನ್ನೂ ಪ್ರತ್ಯೇಕವಾಗಿ ವಿಚಾರಿಸಬೇಕು.

ಪರದೇಶದವರನ್ನು ನೋಡಿರಿ. 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನರು ಸತ್ತರು. ಅಷ್ಟೇ ಜನರು ದೇಶಾಂತರ ಹೋದರು. ಅಲ್ಲಿಯ ಅಕಿಲ್ ದ್ವೀಪದ ಸ್ಲೀವ್‌ಮೋರ್ ಎಂಬ ಬರಿದಾದ ಹಳ್ಳಿಯಲ್ಲಿ ಅರಮನೆಯಿಲ್ಲ, ಶಾಸನವಿಲ್ಲ. ಬಡ ಒಕ್ಕಲಿಗರ ಕಲ್ಲುಗೋಡೆಗಳಷ್ಟೇ ಇವೆ. ಆದರೂ 1991ರಿಂದ ವಿದ್ಯಾರ್ಥಿಗಳನ್ನು ಕೂಡಿಸಿ ಅಲ್ಲಿ ಉತ್ಖನನ ಮಾಡಿಸಿದರು. ಬಡವನ ಒಲೆಯೂ ಅವರಿಗೆ ಪ್ರಮಾಣವಾಯಿತು.

ನಮ್ಮಲ್ಲಿಯೂ ಪ್ರಮಾಣಗಳಿಗೆ ಕೊರತೆಯಿಲ್ಲ. ಹೊಲದ ನಡುವೆ ಒಂಟಿಯಾಗಿ ನಿಂತ ಹನುಮಂತದೇವರು, ಬಾಯ್ದೆರೆದ ಹಗೇವು, ಕುಸಿದ ಹುಡೇವು, ಒಡೆದ ಬೀಸುವ ಕಲ್ಲು ಇವೆಲ್ಲ ಸಾಕ್ಷಿಗಳು. ಊರಿನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಳ್ಳುವುದು ಈ ಸೀಮೆಯ ರೂಢಿ. ಊರು ಅಳಿದರೂ ಮನೆತನದಲ್ಲಿ ಅದರ ಹೆಸರು ಉಳಿಯಬಹುದು. ಆದರೆ ಹಾಳೂರಿನ ಬೂದಿಮಣ್ಣು ಗೊಬ್ಬರವಾಗಿ ಬಂಡಿ ಹತ್ತುತ್ತಿದೆ. ಹುಬ್ಬಳ್ಳಿ-ಧಾರವಾಡಗಳ ಸುತ್ತ ಹೊಲಗಳು ನಿವೇಶನಗಳಾಗುತ್ತಿವೆ. ಬಲ್ಲ ಮುದುಕರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ.

'ಹಾಳೂರಿಗೆ ಉಳಿದವನೇ ಗೌಡ' ಎಂಬುದು ಗಾದೆ. ಉಳಿದವರು ಗೌಡಿಕೆಯ ಮಾನವನ್ನು ಮಾತ್ರ ಬಯಸಿ, ಅದರ ಹೊಣೆಯನ್ನು ಒಲ್ಲೆನೆಂದರೆ ಹೇಗೆ? ಪ್ರತಿಯೊಂದು ತಾಲೂಕಿನ ಬೇಚಿರಾಗ ಗ್ರಾಮಗಳ ಪಟ್ಟಿಯನ್ನು ತೆಗೆದು, ಸ್ಥಳ ನೋಡಿ, ಮುದುಕರ ಮಾತನ್ನು ಬರೆದುಕೊಳ್ಳುವುದು ಜಿಲ್ಲೆಯ ಸಾಹಿತ್ಯಸಂಘಗಳಿಗೆ ಅಸಾಧ್ಯವಾದ ಕೆಲಸವಲ್ಲ. ಅದನ್ನೂ ಮಾಡದಿದ್ದರೆ, ಒಮ್ಮೆ ಆರಿದ ದೀಪಗಳನ್ನು ಎರಡನೆಯ ಸಲ ಆರಿಸಿದ ದೋಷವು ವಿಧಿಯದಲ್ಲ, ವಿದ್ಯಾವಂತರದು.