ನಾಲ್ಕು ಹೆಸರು, ನಾಲ್ಕು ಬಣ್ಣ

ಇಂಜಿನಿಯರಿಂಗ್ ಓದುವವರಿಗೆ ಗ್ರೂಪ್ ಪ್ರಾಜೆಕ್ಟ್ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮುಖಪುಟದಲ್ಲಿ ನಾಲ್ಕು ಹೆಸರು, ನಾಲ್ಕು ಯುಎಸ್‌ಎನ್. ಒಳಗಿನ ನಲವತ್ತು ಪುಟ ಮಾತ್ರ ಯಾರೋ ಒಬ್ಬರು ನಿದ್ದೆಗೆಟ್ಟು ಟೈಪ್ ಮಾಡಿದ್ದು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಫೈಲುಗಳು ಓಡಾಡುತ್ತಿರುತ್ತವೆ. ಅವುಗಳಲ್ಲಿ ಕೊನೆಯದು ಯಾವುದೆಂದು ಸಬ್‌ಮಿಷನ್ ದಿನದವರೆಗೂ ಯಾರಿಗೂ ಖಾತ್ರಿ ಇರುವುದಿಲ್ಲ.

ಈ ಸೆಮಿಸ್ಟರ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ವರದಿಯನ್ನು ‘ಈಥರ್‌ಪ್ಯಾಡ್’ನಲ್ಲಿ ಬರೆಯಲು ಶುರು ಮಾಡಿದೆವು. ಹಲವರು ಒಂದೇ ಪುಟದಲ್ಲಿ, ಒಂದೇ ಹೊತ್ತಿಗೆ ಬರೆಯಬಹುದಾದ ಓಪನ್ ಸೋರ್ಸ್ ತಂತ್ರಾಂಶ ಇದು. ಗೆಳೆಯನೊಬ್ಬ ತನ್ನ ಲ್ಯಾಪ್‌ಟಾಪ್‌ನಲ್ಲೇ ಇದನ್ನು ಇನ್‌ಸ್ಟಾಲ್ ಮಾಡಿ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿದ. ಉಳಿದ ಮೂವರು ಬ್ರೌಸರಿನಲ್ಲಿ ಅವನ ಐಪಿ ವಿಳಾಸ ಹಾಕಿ, ಮುಂದೆ 9001 ಎಂಬ ಪೋರ್ಟ್ ಸಂಖ್ಯೆ ಸೇರಿಸಿದೆವು. ಪುಟ ತೆರೆದುಕೊಂಡಿತು. ಖಾತೆ ಬೇಡ, ಒಟಿಪಿ ಬೇಡ. ಹೆಸರು ಬರೆದು ಒಂದು ಬಣ್ಣ ಆರಿಸಿಕೊಂಡರೆ ಮುಗಿಯಿತು.

ನಮಗೆ ಹೊಸದಾದರೂ ಇದರ ಹುಟ್ಟು ಹಳೆಯದು. 2008ರಲ್ಲಿ ಆ್ಯಪ್‌ಜೆಟ್ ಎಂಬ ಪುಟ್ಟ ಕಂಪನಿ ಇದನ್ನು ಹೊರತಂದಿತು. 2009ರ ಡಿಸೆಂಬರ್‌ನಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಿತು. ಅದರ ತಂಡ ‘ಗೂಗಲ್ ವೇವ್’ ಕೆಲಸಕ್ಕೆ ಹೋಗಲಿದೆ, ಈಥರ್‌ಪ್ಯಾಡ್ ನಿಲ್ಲಲಿದೆ ಎಂಬ ಪ್ರಕಟಣೆ ಬಂತು. ಬಳಕೆದಾರರು ಗಲಾಟೆ ಎಬ್ಬಿಸಿದರು. ಅದೇ ತಿಂಗಳು ಮೂಲ ಸಂಕೇತವನ್ನು ಅಪಾಚೆ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಡಲಾಯಿತು. ಮುಂದಿನ ವರ್ಷವೇ ಗೂಗಲ್ ವೇವ್‌ನ ಅಭಿವೃದ್ಧಿ ನಿಂತಿತು. ಈಥರ್‌ಪ್ಯಾಡ್ ಇವತ್ತಿಗೂ ಉಳಿದಿದೆ. ಓಪನ್ ಸೋರ್ಸ್ ಎಂದರೆ ಬರೀ ‘ಪುಕ್ಕಟೆ’ ಅಲ್ಲ, ಮಾಲೀಕ ಕೈಬಿಟ್ಟರೂ ಬದುಕುವ ದಾರಿ ಎಂಬುದು ನನಗೆ ಈ ಕಥೆಯಿಂದ ಅರ್ಥವಾಯಿತು.

ಒಳಗಿನ ಲೆಕ್ಕವೂ ಚೆನ್ನಾಗಿದೆ. ನಾನು ಸಾಲಿನ 5ನೇ ಅಕ್ಷರದ ನಂತರ ಮೂರು ಅಕ್ಷರ ಸೇರಿಸಿದೆ ಎನ್ನಿ. ಅದೇ ಕ್ಷಣ ನೀವು 10ನೇ ಅಕ್ಷರ ಅಳಿಸಿದಿರಿ. ನನ್ನದು ಮೊದಲು ಸರ್ವರ್ ತಲುಪಿದರೆ, ನೀವು ಅಳಿಸಬೇಕೆಂದಿದ್ದ ಅಕ್ಷರ ಆಗಲೇ 13ನೇ ಜಾಗಕ್ಕೆ ಸರಿದಿರುತ್ತದೆ. ಈ ಸರಿದ ಲೆಕ್ಕವನ್ನು ಹೊಂದಿಸಿ ಇಬ್ಬರ ಪರದೆಯನ್ನೂ ಒಂದೇ ಮಾಡುವ ವಿಧಾನದ ಹೆಸರು ಆಪರೇಷನಲ್ ಟ್ರಾನ್ಸ್‌ಫರ್ಮೇಷನ್. ಕನ್ನಡದಲ್ಲಿ ಬರೆಯುವಾಗ ಇದನ್ನು ಕಣ್ಣಾರೆ ನೋಡಬಹುದು. ಗೆಳತಿ ‘ಮಣ್ಣು’ ಎಂದು ಟೈಪ್ ಮಾಡುತ್ತಿದ್ದರೆ ನನ್ನ ಪರದೆಯಲ್ಲಿ ಒಮ್ಮೊಮ್ಮೆ ಮೊದಲು ‘ಮಣ್’ ಬರುತ್ತದೆ, ಆಮೇಲೆ ಒತ್ತು ಕೂಡಿಕೊಳ್ಳುತ್ತದೆ.

ಆ ಗೆಳತಿಯ ಬಗ್ಗೆ ಹೇಳಲೇಬೇಕು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ರೆಸೆಂಟೇಷನ್ ಎಂದರೆ ಕೊನೆಯ ಸಾಲಿನಲ್ಲಿ ನಿಲ್ಲುತ್ತಾಳೆ. ನಮ್ಮ ಪ್ರಾಜೆಕ್ಟ್ ಮಣ್ಣಿನ ತೇವಾಂಶ ನೋಡಿ ಪಂಪ್ ಚಾಲೂ ಮಾಡುವ ಸರ್ಕ್ಯೂಟ್. ಸೆನ್ಸರ್ ಯಾಕೆ ತಪ್ಪು ಅಳತೆ ತೋರಿಸುತ್ತದೆ ಎಂಬುದನ್ನು ಅವಳು ಪ್ಯಾಡಿನಲ್ಲಿ ಕನ್ನಡದಲ್ಲೇ ಹತ್ತು ಸಾಲು ಬರೆದಳು. ಕೆಳಗೇ ನಾವು ಅದನ್ನು ಇಂಗ್ಲಿಷಿಗೆ ತಂದೆವು, ಅವಳೇ ತಿದ್ದಿದಳು. ವರದಿಯ ಅತ್ಯುತ್ತಮ ಪುಟ ಅದು. ಒಬ್ಬನೇ ಟೈಪ್ ಮಾಡುವ ಹಳೆಯ ಪದ್ಧತಿಯಲ್ಲಿ ಆ ಪುಟ ಹುಟ್ಟುತ್ತಲೇ ಇರಲಿಲ್ಲ.

ಈಥರ್‌ಪ್ಯಾಡಿನಲ್ಲಿ ಯಾರು ಬರೆದ ಸಾಲಿಗೆ ಅವರ ಬಣ್ಣ ಹಿಂದೆ ಕಾಣುತ್ತದೆ. ‘ಟೈಮ್‌ಸ್ಲೈಡರ್’ ಎಳೆದರೆ ಪುಟ ಮೊದಲ ಅಕ್ಷರದಿಂದ ಬೆಳೆದು ಬಂದ ಬಗೆ ಪೂರ್ತಿ ಕಾಣಿಸುತ್ತದೆ. ‘ನಾನೂ ಬರೆದಿದ್ದೆ’ ಎಂಬ ಸುಳ್ಳಿಗೆ ಇಲ್ಲಿ ಜಾಗವಿಲ್ಲ. ಹಾಗಂತ ಮೇಷ್ಟ್ರುಗಳು ಬಣ್ಣ ಎಣಿಸಿ ಇಂಟರ್ನಲ್ಸ್ ಅಂಕ ಕೊಡಲು ಹೊರಟರೆ ಅನ್ಯಾಯವಾದೀತು. ಬೆರಳು ಸುಟ್ಟುಕೊಂಡು ಸಾಲ್ಡರಿಂಗ್ ಮಾಡಿದವನ ಕೆಲಸಕ್ಕೆ ಪುಟದಲ್ಲಿ ಬಣ್ಣವಿಲ್ಲ. ಕಾಪಿ ಮಾಡಿ ಅಂಟಿಸಿದವನದ್ದು ಪುಟದ ತುಂಬಾ ಇರಬಹುದು. ಬಣ್ಣ ನೋಡಿ ಅಂಕ ಹಾಕುವುದು ಬೇಡ, ವೈವಾದಲ್ಲಿ ಪ್ರಶ್ನೆ ಕೇಳಲಿ. ‘ಈ ಸಾಲು ನಿನ್ನದಲ್ಲವೇ, ವಿವರಿಸು’ ಎಂದರೆ ಸಾಕು.

ಕೊರತೆಗಳೂ ಇವೆ. ಟೇಬಲ್, ಚಿತ್ರಗಳಿಗೆ ಪ್ಲಗಿನ್ ಹಾಕಿಕೊಳ್ಳಬೇಕು. ಸಮೀಕರಣ, ಸರ್ಕ್ಯೂಟ್ ಚಿತ್ರ ಇರುವ ವರದಿಯನ್ನು ಕೊನೆಗೆ ಬೇರೆ ಕಡೆ ಜೋಡಿಸಲೇಬೇಕು. ಲಿಂಕ್ ಸಿಕ್ಕವರೆಲ್ಲ ಬರೆಯಬಹುದು, ಅಳಿಸಲೂಬಹುದು. ಎಲ್ಲಕ್ಕಿಂತ ದೊಡ್ಡದು, ಗೆಳೆಯ ಲ್ಯಾಪ್‌ಟಾಪ್ ಮುಚ್ಚಿದರೆ ನಮ್ಮ ಪುಟವೂ ಮುಚ್ಚಿತು. ತಂತ್ರಾಂಶಕ್ಕೆ ದುಡ್ಡಿಲ್ಲ ನಿಜ, ಆದರೆ ಅದನ್ನು ನಡೆಸಲು ಸದಾ ಚಾಲೂ ಇರುವ ಒಂದು ಕಂಪ್ಯೂಟರ್ ಬೇಕು, ನೋಡಿಕೊಳ್ಳುವ ಒಬ್ಬರು ಬೇಕು.

ನನ್ನ ಕೋರಿಕೆಯೂ ಇದೇ. ಲ್ಯಾಬಿನ ಮೂಲೆಯಲ್ಲಿ ದೂಳು ಹಿಡಿದ ಹಳೆಯ ಕಂಪ್ಯೂಟರ್ ಇಲ್ಲದ ಇಂಜಿನಿಯರಿಂಗ್ ಕಾಲೇಜು ಅಪರೂಪ. ಅದರಲ್ಲೊಂದಕ್ಕೆ ಲಿನಕ್ಸ್ ಹಾಕಿ ಈಥರ್‌ಪ್ಯಾಡ್ ನಡೆಸಲಿ. ನೋಡಿಕೊಳ್ಳುವ ಹೊಣೆಯನ್ನು ವಿದ್ಯಾರ್ಥಿಗಳಿಗೇ ಬಿಡಲಿ. ಬ್ಯಾಕಪ್, ಪಾಸ್‌ವರ್ಡ್, ಪ್ಲಗಿನ್ ಎಲ್ಲವನ್ನೂ ನಾವೇ ಮಾಡಿ ಕಲಿಯುತ್ತೇವೆ. ಸರ್ವರ್ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರ ಬರೆಯುವ ನಮಗೆ ಒಂದು ಸರ್ವರನ್ನು ನಾಲ್ಕು ತಿಂಗಳು ಕೆಡದಂತೆ ಕಾಯುವ ಅವಕಾಶವೂ ಸಿಗಲಿ.