ಬ್ಯಾಟರಿ ಬದಲಿಸೋ ಮುಂಚೆ ಮೀಟರ್ ಹಿಡಿಯೋಣ

ಬೆಳಿಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ ನಮ್ಮಲ್ಲಿ ತೀರ್ಪು ಒಂದೇ: ಬ್ಯಾಟರಿ ಹೋಯ್ತು. ಹೊಸದು ಹಾಕಿದ ಮೇಲೂ ಅದೇ ಕಥೆಯಾದರೆ ಎರಡನೇ ತೀರ್ಪು: ಡೈನಮೋ ಹೋಯ್ತು. (ಗ್ಯಾರೇಜಿನಲ್ಲಿ ಆಲ್ಟರ್ನೇಟರಿಗೆ ಇವತ್ತಿಗೂ ಡೈನಮೋ ಅಂತಾನೇ ಹೆಸರು. ವೈವಾದಲ್ಲಿ ಹಾಗಂದ್ರೆ ಮಾರ್ಕ್ಸ್ ಕಟ್!) ಇವೆರಡರ ನಡುವೆ ಇರೋ ವೈರ್ ಮೇಲೆ ಯಾರಿಗೂ ಅನುಮಾನ ಬರೋದಿಲ್ಲ. ಕೈಯಾರೆ ವೈರಿಂಗ್ ಬದಲಿಸಿದ ಗಾಡಿಗಳಲ್ಲಿ ಮೊದಲ ಅನುಮಾನ ಅದರ ಮೇಲೇ ಬರಬೇಕು ಅನ್ನೋದು ನಮ್ಮ ವಾದ.

ನಮ್ಮ ಸೀನಿಯರ್ ಒಬ್ಬರ ಹಳೇ ಮಾರುತಿ 800 ಇದಕ್ಕೆ ಸಾಕ್ಷಿ. ಆಂಪ್ಲಿಫೈಯರ್, ಫಾಗ್ ಲ್ಯಾಂಪ್ ಎಲ್ಲ ಸೇರಿಸಿ, ಲೋಡ್ ತಡೆಯಲಿ ಅಂತ ದೊಡ್ಡ ಆಲ್ಟರ್ನೇಟರ್ ಕೂರಿಸಿದ್ದರು. ವರ್ಷದೊಳಗೆ ಎರಡು ಬ್ಯಾಟರಿ ಹೋದವು. ನಾವು ಮೀಟರ್ ಹಿಡಿದು ನೋಡಿದ್ವಿ. ಹೆಡ್‌ಲೈಟ್, ಬ್ಲೋವರ್ ಎಲ್ಲ ಆನ್ ಮಾಡಿ, ಎಂಜಿನ್ ಸ್ವಲ್ಪ ರೇಸ್ ಮಾಡಿದಾಗ ಆಲ್ಟರ್ನೇಟರ್ ಮೇಲೆ 14.2 ವೋಲ್ಟ್. ಚೆನ್ನಾಗಿದೆ. ಬ್ಯಾಟರಿ ಮೇಲೆ 13.1. ಆಟೋ ಎಲೆಕ್ಟ್ರಿಷಿಯನ್ ಅಣ್ಣನಿಗೆ ಹೇಳಿದ್ರೆ ಅವರು ನಕ್ಕು, "ಡೈನಮೋ ಸರಿಯಾಗೇ ಕೊಡ್ತಾ ಇದೆ, ದಾರೀಲಿ ಯಾರೋ ತಿಂತಾ ಇದಾರೆ ತಮ್ಮಾ" ಅಂದ್ರು.

ತಿನ್ನೋರು ಯಾರು ಅಂತ ಹಿಡಿಯೋದೂ ಸುಲಭ. ಎಲ್ಲ ಲೋಡ್ ಆನ್ ಇರುವಾಗಲೇ ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರಿನ ಬಿ ಪ್ಲಸ್ ಬೋಲ್ಟಿಗೆ, ಇನ್ನೊಂದು ಬ್ಯಾಟರಿ ಪ್ಲಸ್ಸಿಗೆ. ಅಲ್ಲಿ 0.8 ವೋಲ್ಟ್ ಬಂತು. ಆಲ್ಟರ್ನೇಟರ್ ಬಾಡಿಯಿಂದ ಬ್ಯಾಟರಿ ಮೈನಸ್ಸಿಗೆ 0.3. ಲೆಕ್ಕ ಸರಿಹೋಯ್ತು. ಆಲ್ಟರ್ನೇಟರ್ ದೊಡ್ಡದು ಹಾಕಿ, ವೈರ್ ಮಾತ್ರ ಹಳೇದೇ ಬಿಟ್ಟಿದ್ದರು. 4 ಚದರ ಮಿಲಿಮೀಟರ್ ತಾಮ್ರದ ವೈರ್ 2 ಮೀಟರ್ ಇದ್ದು, 60 ಆಂಪಿಯರ್ ಹರಿದರೆ, ವೈರಿನಲ್ಲೇ ಅರ್ಧ ವೋಲ್ಟ್ ಹೋಗುತ್ತದೆ. ಅದಕ್ಕೆ ಸಡಿಲ ಲಗ್, ತುಕ್ಕು ಹಿಡಿದ ಅರ್ತ್ ಬೋಲ್ಟ್ ಸೇರಿಸಿಕೊಳ್ಳಿ. 30 ವ್ಯಾಟ್ ಶಾಖ ಬಾನೆಟ್ ಒಳಗೆ ಒಂದು ತೆಳು ವೈರಿನಲ್ಲಿ ಕೂತಿದೆ ಅಂದ್ರೆ, ಅದು ಬರೀ ಬ್ಯಾಟರಿ ದುಡ್ಡಿನ ಪ್ರಶ್ನೆಯಲ್ಲ, ಬೆಂಕಿಯ ಪ್ರಶ್ನೆ.

ಇನ್ನೊಂದು ತಪ್ಪು ಸೆನ್ಸ್ ವೈರಿನದು. ಕೆಲವು ಆಲ್ಟರ್ನೇಟರ್‌ಗಳಲ್ಲಿ ಎಸ್ ಅಂತ ಒಂದು ಟರ್ಮಿನಲ್ ಇರುತ್ತೆ. ಎಷ್ಟು ವೋಲ್ಟ್ ತಲುಪಿತು ಅಂತ ರೆಗ್ಯುಲೇಟರ್ ನೋಡೋದು ಅಲ್ಲಿಂದ. ವೈರ್ ಉಳಿಸೋಕೆ ಅದನ್ನ ಪಕ್ಕದ ಬಿ ಪ್ಲಸ್ಸಿಗೇ ಕಟ್ಟಿಬಿಡ್ತಾರೆ. ಅಡುಗೆಮನೇಲಿ ನಿಂತ್ಕೊಂಡು, ನೆಂಟರ ಊಟ ಆಯ್ತಾ ಅಂತ ತನ್ನನ್ನೇ ಕೇಳಿಕೊಂಡ ಹಾಗೆ. ಹಾಗಂತ ಎಸ್ ವೈರನ್ನ ಬ್ಯಾಟರಿಗೆ ಎಳೆದುಬಿಟ್ರೆ ಸಾಲದು. ಆಗ ಆಲ್ಟರ್ನೇಟರ್ ವೋಲ್ಟೇಜ್ ಏರಿಸಿಕೊಂಡು ಬ್ಯಾಟರಿಗೆ ತಲುಪಿಸುತ್ತೆ, ಆದರೆ ತೆಳು ವೈರ್ ಇನ್ನೂ ಬಿಸಿಯಾಗುತ್ತೆ. ಮೊದಲು ದಪ್ಪ ಕೇಬಲ್, ಆಮೇಲೆ ಸೆನ್ಸ್.

ಡ್ಯಾಶ್‌ಬೋರ್ಡಿನ ಬ್ಯಾಟರಿ ಚಿಹ್ನೆಯ ಬಲ್ಬನ್ನ ಸ್ಟೈಲಿಗೆ ಎಲ್‌ಇಡಿ ಮಾಡೋರೂ ಇದ್ದಾರೆ. ಡಿ ಪ್ಲಸ್ ಇರೋ ಆಲ್ಟರ್ನೇಟರಿಗೆ ಮೊದಲ ಫೀಲ್ಡ್ ಕರೆಂಟ್ ಬರೋದೇ ಆ ಬಲ್ಬಿನ ಮೂಲಕ. ಎಲ್‌ಇಡಿಯಲ್ಲಿ ಅಷ್ಟು ಕರೆಂಟ್ ಹೋಗಲ್ಲ, ಆಲ್ಟರ್ನೇಟರ್ ಏಳೋದೇ ಇಲ್ಲ. ಪಕ್ಕದಲ್ಲಿ ಸರಿಯಾದ ರೆಸಿಸ್ಟರ್ ಇಟ್ಟರೆ ಮುಗೀತು.

ಚೆಕ್ ಮಾಡೋಕೆ ಅಂತ ಎಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡೋ ಪದ್ಧತಿ ಇನ್ನೂ ನಿಂತಿಲ್ಲ. ದಯವಿಟ್ಟು ನಿಲ್ಲಿಸಿ. ಆ ಕ್ಷಣ ವೋಲ್ಟೇಜ್ ಎಗರಿ ಡಯೋಡ್‌ಗಳು, ಇಸಿಯು ಎಲ್ಲ ಸುಟ್ಟುಹೋಗಬಹುದು.

ಇದರಲ್ಲಿ ಓಮನ ನಿಯಮ ಬಿಟ್ಟು ಬೇರೇನೂ ಇಲ್ಲ. ಅದನ್ನ ಪಿಯುಸಿಯಲ್ಲೇ ಬಾಯಿಪಾಠ ಮಾಡಿದ್ದೀವಿ. ಆದರೂ ನಮ್ಮಲ್ಲಿ ಅರ್ಧ ಜನಕ್ಕೆ ವೋಲ್ಟೇಜ್ ಡ್ರಾಪ್ ಅಳೆಯುವಾಗ ಲೋಡ್ ಆನ್ ಇರ್ಬೇಕು ಅಂತ ಗೊತ್ತಿಲ್ಲ, ಯಾಕಂದ್ರೆ ಕರೆಂಟ್ ಹರಿಯದಿದ್ದರೆ ಕೆಟ್ಟ ವೈರೂ ಒಳ್ಳೇದಾಗೇ ಕಾಣುತ್ತೆ. ನಮ್ಮ ಲ್ಯಾಬಿನಲ್ಲಿ ಕೆಂಪು, ನೀಲಿ ಬಣ್ಣ ಬಳಿದ ಕಟ್ ಸೆಕ್ಷನ್ ಆಲ್ಟರ್ನೇಟರ್ ಇದೆ. ಅದರ ಪಕ್ಕ ಗುಜರಿಯಿಂದ ತಂದ, ತಿರುಗೋ ಒಂದು ಆಲ್ಟರ್ನೇಟರ್, ಒಂದು ಮೋಟರ್, ಒಂದು ಬ್ಯಾಟರಿ, ಬೇಕಂತಲೇ ಸಡಿಲ ಮಾಡಿದ ನಾಲ್ಕು ಲಗ್ ಇಟ್ಟುಕೊಡಿ ಅಂತ ಡಿಪಾರ್ಟ್‌ಮೆಂಟನ್ನು ಕೇಳ್ತಿದ್ದೀವಿ. ಪಾಠ ಹೇಳೋಕೆ ಆ ಎಲೆಕ್ಟ್ರಿಷಿಯನ್ ಅಣ್ಣನನ್ನ ಕರೀರಿ, ಕನ್ನಡದಲ್ಲೇ ಹೇಳ್ತಾರೆ.